ಹಂಚುವ ಬಟನ್‌ಗಿಂತ ಹಾಡು ತೆರೆಯುವ ಪುಟ ಮುಖ್ಯ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಇಬ್ಬರು ಡೆವಲಪರ್‌ಗಳು, ಒಬ್ಬ ಡಿಸೈನರ್ ಸೇರಿ ಒಂದು ಸಣ್ಣ ಸ್ಟ್ರೀಮಿಂಗ್ ಆ್ಯಪ್ ನಡೆಸುತ್ತಿದ್ದೇವೆ. ಅದರಲ್ಲಿ ಯಕ್ಷಗಾನದ ಪದಗಳು (ಹಾಡುಗಳು), ವೇಷವಿಲ್ಲದೆ ಕುಳಿತು ಹಾಡು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಧ್ವನಿಮುದ್ರಣಗಳು, ತುಳು ಹಾಡುಗಳು, ಭಜನೆಗಳು, ಸ್ವಲ್ಪ ಮಾಪಿಳ ಪಾಟ್ಟು (ಕೇರಳದ ಮುಸ್ಲಿಮರ ಹಾಡುಗಳು) ಇವೆ. ಕೇಳುಗರು ಕಾಸರಗೋಡು, ಮಂಗಳೂರು, ಬೆಂಗಳೂರು ಮತ್ತು ಗಲ್ಫ್ ದೇಶಗಳಲ್ಲಿದ್ದಾರೆ. ಹಣ ಹಾಕಿದವರು ಆ್ಯಪ್‌ನಲ್ಲಿ ಜನ ಒಬ್ಬರನ್ನೊಬ್ಬರು ಫಾಲೋ ಮಾಡಬೇಕು, ಲೈಕ್ ಮತ್ತು ಕಮೆಂಟ್ ಇರಬೇಕು, ಗೆಳೆಯರು ಈಗ ಏನು ಕೇಳುತ್ತಿದ್ದಾರೆ ಎಂಬ ಫೀಡ್ ಬೇಕು, ಒಟ್ಟಿಗೆ ಕೇಳುವ ಕೋಣೆಯೂ ಬೇಕು ಎನ್ನುತ್ತಾರೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ: ಫಾಲೋ, ಫೀಡ್, ಕಮೆಂಟ್ ಮೂರನ್ನೂ ಸದ್ಯಕ್ಕೆ ಕೈಬಿಡಿ. ಹಣ ಹಾಕಿದವರಿಗೆ ಬೇಸರವಾದರೆ ಆಗಲಿ. ನಿಮ್ಮಂಥ ಸಣ್ಣ ತಂಡ ಮೊದಲು ಕಟ್ಟಬೇಕಾದದ್ದು ಒಂದು ಲಿಂಕ್ ಮತ್ತು ಆ ಲಿಂಕ್ ಒತ್ತಿದಾಗ ತೆರೆಯುವ ಒಂದು ಪುಟ. ಕೇಳಿದರೆ ಎರಡು ದಿನದ ಕೆಲಸ ಎನ್ನಿಸುತ್ತದೆ. ಸರಿಯಾಗಿ ಮಾಡಹೊರಟರೆ ಮಳೆಗಾಲ ಮುಗಿಯುವವರೆಗೂ ಕೈತುಂಬ ಕೆಲಸವಿದೆ.

ಹಾಡು ಹಂಚುವುದನ್ನು ನಿಮ್ಮ ಕೇಳುಗರು ಆ್ಯಪ್‌ನಿಂದ ಕಲಿಯಬೇಕಾಗಿಲ್ಲ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಭಜನಾ ಮಂಡಳಿಯ ಗ್ರೂಪಿನಲ್ಲಿ, ನೀರ್ಚಾಲಿನಲ್ಲೋ ಕುಂಬಳೆಯಲ್ಲೋ ಒಟ್ಟಿಗೆ ಓದಿದವರ ಗ್ರೂಪಿನಲ್ಲಿ ಅದು ದಿನವೂ ನಡೆಯುತ್ತಿದೆ. ದುಬೈಯಲ್ಲಿರುವ ಮಗನಿಗೆ ಅಮ್ಮ ಕಳುಹಿಸುತ್ತಾರೆ. ಮುಳ್ಳೇರಿಯದ ಭಾವ ಬೆಂಗಳೂರಿನ ಭಾವನಿಗೆ ಕಳುಹಿಸಿ, ‘ಹೇಗಿದೆ ಹೇಳು’ ಎಂದು ಕೆಣಕುತ್ತಾನೆ. ಯಾರಿಗೆ ಯಾವ ಭಾಗವತರು (ಯಕ್ಷಗಾನದ ಹಾಡುಗಾರರು) ಇಷ್ಟ, ಯಾರ ಮುಂದೆ ಯಾರ ಹೆಸರು ಎತ್ತಬಾರದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಈ ನಂಟುಗಳೆಲ್ಲ ನಿಮ್ಮ ಆ್ಯಪ್‌ನ ಹೊರಗಿವೆ, ಹೊರಗೇ ಇರುತ್ತವೆ. ಅವನ್ನು ಒಳಗೆ ಎಳೆದು ತಂದು, ‘ನಿಮ್ಮ ಅತ್ತಿಗೆಯನ್ನು ಫಾಲೋ ಮಾಡಿ’ ಎಂದು ಕೇಳುವುದು ಕೇಳುಗರಿಗೆ ಕಿರಿಕಿರಿ, ನಿಮಗೆ ವ್ಯರ್ಥ ಕೆಲಸ.

ನಿಮಗಿಂತ ಸಾವಿರ ಪಟ್ಟು ದೊಡ್ಡವರು ಇದನ್ನು ಮಾಡಿ ನೋಡಿದ್ದಾರೆ. ಆ್ಯಪಲ್ ಕಂಪನಿ 2010ರ ಸೆಪ್ಟೆಂಬರ್‌ನಲ್ಲಿ ಐಟ್ಯೂನ್ಸ್ ಒಳಗೆ ‘ಪಿಂಗ್’ ಎಂಬ ಸಂಗೀತದ ಸಾಮಾಜಿಕ ಜಾಲವನ್ನು ತೆರೆಯಿತು. ಫೇಸ್‌ಬುಕ್ ಜೊತೆಗಿನ ಮಾತುಕತೆ ಮುರಿದುಬಿತ್ತು, ಜನ ಗೆಳೆಯರನ್ನು ಹೊಸದಾಗಿ ಹುಡುಕಿ ಸೇರಿಸಿಕೊಳ್ಳಬೇಕಾಯಿತು. 2012ರ ಸೆಪ್ಟೆಂಬರ್ ಕೊನೆಗೆ ಪಿಂಗ್‌ಗೆ ಬೀಗ ಬಿತ್ತು. ಅದೇ ಕಂಪನಿ 2015ರಲ್ಲಿ ಆ್ಯಪಲ್ ಮ್ಯೂಸಿಕ್ ಜೊತೆಗೆ ಕಲಾವಿದರು ಅಭಿಮಾನಿಗಳಿಗೆ ಪೋಸ್ಟ್ ಹಾಕುವ ‘ಕನೆಕ್ಟ್’ ಎಂಬುದನ್ನು ತಂದು 2018ರ ಕೊನೆಯಲ್ಲಿ ಅದಕ್ಕೂ ಹೊಸ ಪೋಸ್ಟ್ ಹಾಕುವುದನ್ನು ನಿಲ್ಲಿಸಿತು. ನನಗೆ ಇವೆರಡಕ್ಕಿಂತ ಸ್ಪಾಟಿಫೈ ಕಥೆ ಹೆಚ್ಚು ಉಪಯುಕ್ತವೆನಿಸುತ್ತದೆ. ಅದು ಆ್ಯಪ್ ಒಳಗಿನ ಸಂದೇಶ ಪೆಟ್ಟಿಗೆಯನ್ನು 2017ರಲ್ಲಿ ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಮತ್ತೆ ತಂದಾಗ ಯಾರು ಯಾರಿಗೆ ಬೇಕಾದರೂ ಬರೆಯುವಂತೆ ಮಾಡಲಿಲ್ಲ. ಮೊದಲೇ ಒಟ್ಟಿಗೆ ಹಾಡುಪಟ್ಟಿ ಮಾಡಿದವರು, ‘ಬ್ಲೆಂಡ್’ (ಗೆಳೆಯರ ರುಚಿ ಬೆರೆಸಿದ ಹಾಡುಪಟ್ಟಿ) ಅಥವಾ ‘ಜ್ಯಾಮ್’ (ಒಟ್ಟಿಗೆ ಕೇಳುವ ಕೂಟ) ಸೇರಿದವರು, ಒಂದೇ ಕುಟುಂಬ ಯೋಜನೆಯಲ್ಲಿ ಇರುವವರು, ಹೀಗೆ ಪರಿಚಯ ಇದ್ದವರಿಂದಲೇ ಶುರು ಮಾಡಿತು. 2021ರ ಬ್ಲೆಂಡ್, 2023ರ ಜ್ಯಾಮ್ ಎರಡೂ ಒಬ್ಬ ಪರಿಚಿತನಿಗೆ ಕಳುಹಿಸುವ ಆಹ್ವಾನದಿಂದ ಆರಂಭವಾಗುವಂಥವು. ಕೋಟಿಗಟ್ಟಲೆ ಬಳಕೆದಾರರು ಇರುವವರೇ ಇಷ್ಟು ಸಂಕೋಚದಿಂದ ಹೆಜ್ಜೆ ಇಡುತ್ತಿರುವಾಗ ನೀವು ಫೀಡ್ ಕಟ್ಟಲು ಹೊರಡುವುದು ಬೇಡ.

ಈಗ ಆ ಲಿಂಕಿನ ವಿಷಯ. ಕಳುಹಿಸುವವರ ಫೋನಿನಲ್ಲಿ ನಿಮ್ಮ ಆ್ಯಪ್ ಇದೆ, ಅವರಿಗೆ ಅದರ ಮೇಲೆ ಪ್ರೀತಿಯೂ ಇದೆ. ಪಡೆಯುವವರ ಫೋನಿನಲ್ಲಿ ಬಹುಪಾಲು ಇರುವುದಿಲ್ಲ, ಹಾಕಿಕೊಳ್ಳುವ ಮನಸ್ಸೂ ಇರುವುದಿಲ್ಲ. ಹೆಚ್ಚಿನ ತಂಡಗಳು ಹಂಚುವ ಬಟನ್‌ನ ಬಣ್ಣ, ಆಕಾರ, ಜಾಗದ ಬಗ್ಗೆ ವಾರಗಟ್ಟಲೆ ಚರ್ಚಿಸಿ, ಲಿಂಕ್ ಒತ್ತಿದವನನ್ನು ಮಾತ್ರ ನೇರವಾಗಿ ಪ್ಲೇ ಸ್ಟೋರ್ ಬಾಗಿಲಿಗೆ ತಳ್ಳಿಬಿಡುತ್ತವೆ. ಸಂಜೆ ಕೆಲಸ ಮುಗಿಸಿ ಶಾರ್ಜಾದ ಕೋಣೆಯಲ್ಲಿ ಕುಳಿತು, ಅಣ್ಣ ಕಳುಹಿಸಿದ ಪದವನ್ನು ಕೇಳಬೇಕೆಂದು ಒತ್ತಿದವನಿಗೆ ‘ಮೊದಲು ಇನ್‌ಸ್ಟಾಲ್ ಮಾಡಿ, ಮೊಬೈಲ್ ಸಂಖ್ಯೆ ಕೊಡಿ, ಒಟಿಪಿ ಹಾಕಿ’ ಎಂದರೆ ಅವನು ಹಿಂದಕ್ಕೆ ಹೋಗಿಬಿಡುತ್ತಾನೆ. ಅಣ್ಣನಿಗೆ ‘ಕೇಳಿದೆ, ಭಾರೀ ಲಾಯ್ಕ ಇದೆ’ ಎಂದು ಸುಳ್ಳೂ ಹೇಳುತ್ತಾನೆ. ಸುಳ್ಳು ಕೇಳಿದ ಅಣ್ಣನಿಗೆ ಸಂತೋಷವಾದೀತು, ನಿಮಗೆ ಮಾತ್ರ ಒಬ್ಬ ಕೇಳುಗ ಹೋದ.

ಹಾಗಾಗಿ ಲಿಂಕ್ ಒತ್ತಿದ ಕೂಡಲೇ ಬ್ರೌಸರ್‌ನಲ್ಲಿಯೇ ಹಾಡು ಕೇಳಬೇಕು. ಲಾಗಿನ್ ಬೇಡ, ಇನ್‌ಸ್ಟಾಲ್ ಬೇಡ. ಕ್ರೋಮ್ 2018ರಿಂದ ತಾನಾಗಿಯೇ ಶಬ್ದ ಹೊರಡಿಸುವ ಪುಟಗಳನ್ನು ತಡೆಯುತ್ತಿರುವುದರಿಂದ ಪುಟ ತೆರೆದ ತಕ್ಷಣ ಹಾಡು ಶುರುವಾಗುತ್ತದೆಂದು ನಂಬಿ ಕೂರಬೇಡಿ. ನಡುವೆ ದೊಡ್ಡದೊಂದು ಪ್ಲೇ ಬಟನ್ ಇಡಿ, ಬೇರೆ ಏನನ್ನೂ ಅದರ ಪಕ್ಕ ಇಡಬೇಡಿ. ನಾಲ್ಕು ನಿಮಿಷದ ಹಾಡು 96 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಬಿಟ್‌ರೇಟ್‌ನಲ್ಲಿ ಸುಮಾರು 2.9 ಎಂಬಿ ಆಗುತ್ತದೆ. ನಿಮ್ಮ ಪುಟದ ಚಿತ್ರ, ಫಾಂಟ್, ಸ್ಕ್ರಿಪ್ಟ್‌ಗಳೆಲ್ಲ ಸೇರಿ ಹಾಡಿಗಿಂತ ಭಾರವಾಗಿದ್ದರೆ ಏನೋ ಎಡವಟ್ಟಾಗಿದೆ ಎಂದರ್ಥ. ಒಂದೂವರೆ ನಿಮಿಷ ಕೇಳಿದ ಮೇಲೆ ಕೆಳಗೆ ಸಣ್ಣದಾಗಿ ‘ಆ್ಯಪ್‌ನಲ್ಲಿ ತೆರೆಯಿರಿ’ ಎಂದು ಬರಲಿ, ಸಾಕು. ಆ್ಯಪ್ ಇದ್ದವರಿಗೆ ಹಂಚಿದ ಲಿಂಕ್ ನೇರವಾಗಿ ಆ್ಯಪ್‌ನಲ್ಲೇ ತೆರೆಯಬೇಕು. ಅದಕ್ಕೆ ಆಂಡ್ರಾಯ್ಡ್‌ನ ಆ್ಯಪ್ ಲಿಂಕ್ಸ್, ಐಫೋನಿನ ಯೂನಿವರ್ಸಲ್ ಲಿಂಕ್ಸ್ ಬಳಸಿ, ನಿಮ್ಮದೇ ಡೊಮೇನ್‌ನಲ್ಲಿ ಇಡಿ. ಹಳೆಯ ಪಾಠಗಳಲ್ಲಿ ಕಾಣುವ ಗೂಗಲ್‌ನ ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ ಸೇವೆ 2025ರ ಆಗಸ್ಟ್ 25ಕ್ಕೆ ನಿಂತುಹೋಗಿದೆ. ಅದನ್ನು ನಂಬಿ ಹಂಚಿದ ಲಿಂಕ್‌ಗಳೆಲ್ಲ ಆ ದಿನ ಒಟ್ಟಿಗೆ ಸತ್ತವು.

ಗಲ್ಫ್ ಕೇಳುಗರ ಬಗ್ಗೆ ಇನ್ನೊಂದು ಮಾತು. ಸಿನಿಮಾ ಹಾಡುಗಳಿದ್ದರೆ ಅವುಗಳ ಹಕ್ಕನ್ನು ಎಷ್ಟೋ ಸಲ ಭಾರತಕ್ಕೆ ಮಾತ್ರ ಕೊಟ್ಟಿರುತ್ತಾರೆ. ಇಲ್ಲಿ ಕೇಳಿಸುವ ಹಾಡು ದೋಹಾದಲ್ಲಿ ‘ಲಭ್ಯವಿಲ್ಲ’ ಎಂದಾಗುತ್ತದೆ. ಅಂಥ ಹಾಡುಗಳಿಗೆ ಹಂಚುವ ಹೊತ್ತಿನಲ್ಲೇ ‘ಭಾರತದಲ್ಲಿ ಮಾತ್ರ ಕೇಳಬಹುದು’ ಎಂದು ತೋರಿಸಿಬಿಡಿ.

ನಿಮ್ಮ ಆ್ಯಪ್ ಬೇರೆಲ್ಲ ಆ್ಯಪ್‌ಗಳಿಗಿಂತ ಬೇರೆಯಾಗುವುದು ಧ್ವನಿಮುದ್ರಣದ ಉದ್ದದಲ್ಲಿ. ಸಿನಿಮಾ ಹಾಡು ನಾಲ್ಕು ನಿಮಿಷ. ತಾಳಮದ್ದಳೆಯ ಒಂದು ಕೂಟ ಮೂರು ಗಂಟೆ, 96 ಕೆಬಿಪಿಎಸ್‌ನಲ್ಲಿ ಸುಮಾರು 130 ಎಂಬಿ. ಯಾರೂ ಯಾರಿಗೂ ಮೂರು ಗಂಟೆಯನ್ನು ಹಂಚುವುದಿಲ್ಲ. ಹಂಚುವುದು ಒಂದು ಪದವನ್ನು, ಅಥವಾ ಆ ಪದಕ್ಕೆ ಕರ್ಣನ ಅರ್ಥಧಾರಿ (ಆ ಪಾತ್ರವಾಗಿ ಮಾತಾಡುವವರು) ಕೊಟ್ಟ ಒಂದು ಉತ್ತರವನ್ನು. ಈಗ ಅವರು ಏನು ಮಾಡುತ್ತಾರೆ? ಇಡೀ ಕೂಟದ ಲಿಂಕ್ ಕಳುಹಿಸಿ, ಕೆಳಗೆ ‘1 ಗಂಟೆ 42 ನಿಮಿಷದ ನಂತರ ಕೇಳು’ ಎಂದು ಟೈಪ್ ಮಾಡುತ್ತಾರೆ. ಪಡೆದವನು ಸಣ್ಣ ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಎಳೆದು ಸುಸ್ತಾಗುತ್ತಾನೆ. ಮೂರು ಗಂಟೆಯ ಗೆರೆಯಲ್ಲಿ ಬೆರಳು ಒಂದು ಕೂದಲಿನಷ್ಟು ಸರಿದರೆ ಒಂದು ನಿಮಿಷ ದಾಟಿಹೋಗುತ್ತದೆ. ನಿಮ್ಮ ಸಾಮಾಜಿಕ ಸೌಲಭ್ಯವೆಂದರೆ ಇದನ್ನು ಸರಿಪಡಿಸುವುದೇ. ಫೀಡ್‌ಗಾಗಿ ಇಟ್ಟ ಸಮಯವನ್ನೆಲ್ಲ ಇಲ್ಲಿಗೆ ಸುರಿಯಿರಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಕೇಳುತ್ತಿದ್ದವನು ‘ಆಹಾ’ ಎಂದು ಹಂಚುವ ಬಟನ್ ಒತ್ತುವ ಹೊತ್ತಿಗೆ ಆ ಘಳಿಗೆ ಕಳೆದುಹೋಗಿರುತ್ತದೆ. ಒತ್ತಿದ ಕ್ಷಣದಿಂದಲೇ ಲಿಂಕ್ ಆರಂಭವಾದರೆ ಪಡೆದವನಿಗೆ ಕೇಳಿಸುವುದು ಮುಂದಿನ ಸಾಧಾರಣ ಭಾಗ. ಆದ್ದರಿಂದ ಗಡಿಯಾರ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ? ನಿಮ್ಮಲ್ಲಿ ಪದಗಳ ಆರಂಭ, ಅರ್ಥದ (ಪಾತ್ರದ ಮಾತಿನ) ಆರಂಭ ಗುರುತು ಮಾಡಿದ್ದರೆ ಹತ್ತಿರದ ಗುರುತಿಗೆ ಹೋಗಲಿ. ಹಂಚುವಾಗ ಮೂರು ಆಯ್ಕೆ ಸಾಕು: ‘ಈ ಪದದಿಂದ’, ‘ಈ ಅರ್ಥದಿಂದ’, ‘ಇಲ್ಲಿಂದಲೇ’. ಗುರುತು ಇಲ್ಲದಿದ್ದರೆ ಅರ್ಧ ನಿಮಿಷ ಹಿಂದೆ ನಿಲ್ಲಿಸಿ, ಹತ್ತು ಹತ್ತು ಸೆಕೆಂಡು ಹಿಂದೆ ಮುಂದೆ ಮಾಡುವ ಎರಡು ಬಾಣ ಕೊಡಿ. ಬೆರಳಿನಿಂದ ಎಳೆದು ಕತ್ತರಿಸುವ ತರಂಗದ ಚಿತ್ರ ಬೇಡ. ನೋಡಲು ಚೆಂದ, ಅರುವತ್ತು ದಾಟಿದವರ ಬೆರಳಿಗೆ ಅದು ಶಿಕ್ಷೆ.

ಗುರುತು ಹಾಕುವವರಿಗೆ ಒಂದು ಸೂಚನೆ ಕೊಡಿ: ಪದ ಆರಂಭವಾಗುವುದು ಮೊದಲ ಸಾಹಿತ್ಯದಿಂದಲ್ಲ, ಭಾಗವತರು ರಾಗ ಎತ್ತಿಕೊಳ್ಳುವ ಎತ್ತುಗಡೆಯಿಂದ. ಆಲಾಪ, ಜಾಗಟೆ, ಮದ್ದಳೆಯ ಮೊದಲ ನುಡಿತ ಕತ್ತರಿಸಿಹೋದರೆ ಕೇಳುವವನಿಗೆ ರಾಗ ಕೂರುವ ಮೊದಲೇ ಸಾಲು ಮುಗಿದಿರುತ್ತದೆ. ಇದನ್ನು ಕಂಪ್ಯೂಟರ್ ತಾನಾಗಿ ಹಿಡಿಯುವಂತೆ ಮಾಡಲು ಹೊರಡಬೇಡಿ. ಚೆಂಡೆಯ ಅಬ್ಬರದ ನಡುವೆ ಮಾತು ಎಲ್ಲಿ, ಹಾಡು ಎಲ್ಲಿ ಎಂದು ತಿಳಿಯುವ ಕಿವಿ ನಿಮ್ಮ ಊರಿನಲ್ಲೇ ಬೇಕಾದಷ್ಟಿದೆ. ಕಾಲೇಜಿನ ಇಬ್ಬರು ಹವ್ಯಾಸಿ ಭಾಗವತರಿಗೆ ಸಂಭಾವನೆ ಕೊಟ್ಟು ಕೂರಿಸಿ.

ಎರಡು ತಾಂತ್ರಿಕ ಎಚ್ಚರಿಕೆಗಳು, ಎರಡೂ ಈ ಕಾಲಸೂಚಿಗೆ ಸಂಬಂಧಿಸಿದವು. ಹಳೆಯ ಎಂಪಿ3 ಫೈಲುಗಳಲ್ಲಿ ಬಿಟ್‌ರೇಟ್ ಏರಿಳಿಯುವಂಥವು ಇರುತ್ತವೆ. ಯಾವ ನಿಮಿಷ ಫೈಲಿನಲ್ಲಿ ಎಲ್ಲಿದೆ ಎಂದು ಹೇಳುವ ಹುಡುಕುಪಟ್ಟಿ ಅವುಗಳಲ್ಲಿ ಇಲ್ಲದಿದ್ದರೆ ‘1 ಗಂಟೆ 42 ನಿಮಿಷ’ ಎಂಬುದು ಒಂದು ಫೋನಿನಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಬೀಳುತ್ತದೆ. ಎಲ್ಲವನ್ನೂ ಒಮ್ಮೆ ಒಂದೇ ರೂಪಕ್ಕೆ ಮಾರ್ಪಡಿಸಿ, ಕೆಲವು ಸೆಕೆಂಡುಗಳ ತುಣುಕುಗಳಾಗಿ ಸರ್ವರ್‌ನಲ್ಲಿ ಇಟ್ಟರೆ ಪಡೆದವನ ಫೋನು ಬೇಕಾದ ತುಣುಕನ್ನಷ್ಟೇ ತರಿಸಿಕೊಳ್ಳುತ್ತದೆ, 130 ಎಂಬಿಯನ್ನೂ ಎಳೆಯುವುದಿಲ್ಲ. ಇನ್ನೊಂದು, ಯಾರಾದರೂ ಒಳ್ಳೆಯ ಉದ್ದೇಶದಿಂದಲೇ ಹಳೆಯ ಮುದ್ರಣದ ಆರಂಭದಲ್ಲಿರುವ ಮೈಕ್ ಪರೀಕ್ಷೆ, ಸ್ವಾಗತ ಭಾಷಣವನ್ನು ಕತ್ತರಿಸಿ ಹೊಸ ಫೈಲ್ ಹಾಕುತ್ತಾರೆ. ಸ್ವಾಗತ ಭಾಷಣ ಏಳು ನಿಮಿಷ ಇತ್ತೆಂದರೆ ಅಲ್ಲಿಯವರೆಗೆ ಹಂಚಿದ ಲಿಂಕ್‌ಗಳೆಲ್ಲ ಏಳು ನಿಮಿಷ ತಪ್ಪುತ್ತವೆ. ಲಿಂಕ್‌ನಲ್ಲಿ ಬರೀ ಸೆಕೆಂಡು ಇಡದೆ ಮುದ್ರಣದ ಆವೃತ್ತಿಯನ್ನೂ ಪದದ ಗುರುತಿನ ಸಂಖ್ಯೆಯನ್ನೂ ಸೇರಿಸಿ. ಆಗ ಫೈಲ್ ಬದಲಾದರೂ ಪದ ಸಿಗುತ್ತದೆ.

ಲಿಂಕ್ ಕಳುಹಿಸಿದಾಗ ವಾಟ್ಸ್‌ಆ್ಯಪ್‌ನಲ್ಲಿ ಮೂಡುವ ಸಣ್ಣ ಕಾರ್ಡ್ ಕೂಡ ಅಷ್ಟೇ ಮುಖ್ಯ. ಒತ್ತುವುದೋ ಬಿಡುವುದೋ ಎಂದು ಪಡೆದವನು ತೀರ್ಮಾನಿಸುವುದು ಅದನ್ನು ನೋಡಿ. ಕಾರ್ಡ್‌ಗೆ ಶೀರ್ಷಿಕೆ, ಚಿತ್ರ ಒದಗಿಸುವ ಓಪನ್ ಗ್ರಾಫ್ ಟ್ಯಾಗ್‌ಗಳನ್ನು ಸರ್ವರ್‌ನಿಂದಲೇ ಪುಟದಲ್ಲಿ ಬರೆದು ಕಳುಹಿಸಿ. ಜಾವಾಸ್ಕ್ರಿಪ್ಟ್ ಓಡಿದ ಮೇಲೆ ತುಂಬಿಕೊಳ್ಳುವ ಶೀರ್ಷಿಕೆ ಕಾರ್ಡ್‌ಗೆ ಸಿಗುವುದಿಲ್ಲ. ಕಾರ್ಡ್‌ನಲ್ಲಿ ಏನಿರಬೇಕು ಎಂಬಲ್ಲಿ ಜಗತ್ತಿನ ಎಲ್ಲ ಮಾದರಿಗಳು ನಿಮಗೆ ಕೈಕೊಡುತ್ತವೆ, ಅವು ‘ಗಾಯಕ, ಆಲ್ಬಂ, ಹಾಡು’ ಎಂಬ ಮೂರು ಪೆಟ್ಟಿಗೆಗಳಲ್ಲಿ ಯೋಚಿಸುತ್ತವೆ. ಯಕ್ಷಗಾನದವರು ಹುಡುಕುವುದೇ ಬೇರೆ: ಪದದ ಮೊದಲ ಸಾಲು, ಭಾಗವತರು ಯಾರು, ಯಾವ ಪ್ರಸಂಗ, ಚೆಂಡೆ ಮದ್ದಳೆಗೆ ಯಾರು, ಎಲ್ಲಿನ ಕೂಟ, ಯಾವ ವರ್ಷ. ಕಾರ್ಡ್‌ನಲ್ಲಿ ಮೊದಲ ಸಾಲು ಮತ್ತು ಭಾಗವತರ ಹೆಸರು ಮೇಲೆ, ಪ್ರಸಂಗ ಕೆಳಗೆ. ಉಳಿದದ್ದು ಪುಟದಲ್ಲಿ. ಜೊತೆಗೆ ಪದದ ಉದ್ದವನ್ನೂ ಹಾಕಿ. ‘4 ನಿಮಿಷ’ ಎಂದು ಕಂಡರೆ ಕೇಳುವವನು, ಮೂರು ಗಂಟೆಯೇನೋ ಎಂದು ಹೆದರಿ ಬಿಡುವುದು ತಪ್ಪುತ್ತದೆ.

ಲಿಪಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಎರಡು ಸಲ ಯೋಚಿಸಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡಿ, ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನವರೆಗೆ ಕುಳಿತು, ಶಾಲೆಯಲ್ಲಿ ಮಲಯಾಳಂ ಅಥವಾ ಇಂಗ್ಲಿಷ್ ಮಾತ್ರ ಓದಿದ ಹುಡುಗರು ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲ ಕಡೆ ಇದ್ದಾರೆ. ಅವರಿಗೆ ಪದ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಕಾರ್ಡ್ ಮೂಡುವಾಗ ಪಡೆಯುವವನ ಭಾಷೆ ನಿಮಗೆ ತಿಳಿಯುವುದಿಲ್ಲವಾದ್ದರಿಂದ ಎರಡು ಸಾಲು ಇಡಿ, ಒಂದು ಕನ್ನಡದಲ್ಲಿ, ಇನ್ನೊಂದು ಮಲಯಾಳಂ ಅಥವಾ ರೋಮನ್ ಅಕ್ಷರದಲ್ಲಿ. ಮೊಗ್ರಾಲಿನ ಕಡೆಯ ಮಾಪಿಳ ಪಾಟ್ಟುಗಳಿಗೆ ಮಲಯಾಳಂ ಮೇಲಿರಲಿ. ಹುಡುಕಾಟದಲ್ಲೂ ಮೂರು ಲಿಪಿಯ ಹೆಸರುಗಳು ಒಂದೇ ಮುದ್ರಣಕ್ಕೆ ಹೋಗಬೇಕು.

ಆದರೆ ಲಿಂಕ್ ಒಳಗೆ ಕನ್ನಡ ಅಕ್ಷರ ಹಾಕಬೇಡಿ. ಹೀಗೆನ್ನಲು ಅಭಿಮಾನದ ಕೊರತೆ ಕಾರಣವಲ್ಲ, ಲೆಕ್ಕ ಕಾರಣ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ ಬಿಚ್ಚಿಕೊಂಡಾಗ ಒಂದೊಂದಕ್ಕೆ ಒಂಬತ್ತು ಅಕ್ಷರ. ‘ಯಕ್ಷಗಾನ’ ಎಂಬ ಶಬ್ದದಲ್ಲಿ ಏಳು ಸಂಕೇತಗಳಿವೆ, ಅಂದರೆ 63 ಅಕ್ಷರಗಳ ಗೋಜಲು. ಅಮ್ಮ ಅದನ್ನು ನೋಡಿ ವೈರಸ್ ಎಂದುಕೊಳ್ಳುತ್ತಾರೆ. ಎಂಟು ಹತ್ತು ಅಕ್ಷರಗಳ ಸಣ್ಣ ಗುರುತು ಸಾಕು. ಶೀರ್ಷಿಕೆ ಉದ್ದವಾದರೆ ಶಬ್ದದ ನಡುವೆ ಕತ್ತರಿಸದೆ ಖಾಲಿ ಜಾಗ ನೋಡಿ ಕತ್ತರಿಸಿ. ಸಂಕೇತಗಳನ್ನು ಎಣಿಸಿ ಕತ್ತರಿಸಿದರೆ ಕೃಷ್ಣ ‘ಕೃಷ್’ ಆಗಿ ನಿಲ್ಲುತ್ತಾನೆ. ಸ್ಟೇಟಸ್‌ಗೆ ಹಾಕುವ ಚಿತ್ರವನ್ನು ಸರ್ವರ್‌ನಲ್ಲಿ ತಯಾರಿಸುವುದಾದರೆ ಹಾರ್ಫ್‌ಬಝ್‌ನಂಥ ಅಕ್ಷರ ಜೋಡಣೆಯ ತಂತ್ರಾಂಶ ಅದರೊಳಗೆ ಇದೆಯೇ ನೋಡಿ. ಇಲ್ಲದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಅಂಥ ಚಿತ್ರವನ್ನು ಭಾಗವತರ ಹೆಸರಿನೊಂದಿಗೆ ನೂರು ಗ್ರೂಪಿಗೆ ಕಳುಹಿಸುವುದಕ್ಕಿಂತ ಚಿತ್ರವೇ ಇಲ್ಲದಿರುವುದು ಮೇಲು.

ಗೆಳೆಯರು ಈಗ ಏನು ಕೇಳುತ್ತಿದ್ದಾರೆ ಎಂಬ ಫೀಡ್‌ಗೆ ಬರುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ ಸ್ಪಾಟಿಫೈ ಮತ್ತು ಫೇಸ್‌ಬುಕ್ ಜೋಡಿಯಾಗಿ, ಕೇಳಿದ ಪ್ರತಿ ಹಾಡೂ ತಾನಾಗಿಯೇ ಗೆಳೆಯರಿಗೆ ಕಾಣುವಂತೆ ಮಾಡಿದವು. ಕೆಲವೇ ದಿನಗಳಲ್ಲಿ ಜನರ ದೂರಿಗೆ ಮಣಿದು ಸ್ಪಾಟಿಫೈ ಗುಟ್ಟಾಗಿ ಕೇಳುವ ಆಯ್ಕೆಯನ್ನು ತಂದಿತು. ಅದು ದೊಡ್ಡ ಊರುಗಳ ಕಥೆ. ನಮ್ಮಲ್ಲಿ ಒಂದು ಪಂಚಾಯತಿನೊಳಗೆ ಎಲ್ಲರಿಗೂ ಎಲ್ಲರ ಮನೆ ಗೊತ್ತು, ಒಂದು ಮನೆಯಲ್ಲಿ ಒಂದೇ ಫೋನನ್ನು ಮೂವರು ಬಳಸುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರೋ ವಿರಹದ ಹಾಡು ಕೇಳುತ್ತಿದ್ದಾರೆ ಎಂಬ ಸುದ್ದಿ ಬೆಳಗ್ಗೆ ಹಾಲಿನ ಸೊಸೈಟಿಯಲ್ಲಿ ಚರ್ಚೆಯಾಗುವುದು ಯಾರಿಗೂ ಬೇಡ. ಕೇಳಿದ ದಾಖಲೆ ಕೇಳಿದವರದ್ದು. ಅವರು ಬಟನ್ ಒತ್ತಿ ಕಳುಹಿಸಿದರೆ ಮಾತ್ರ ಹೊರಗೆ ಹೋಗಬೇಕು. ಕಾನೂನೂ ಆ ಕಡೆಗೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು, ಅವರ ನಡವಳಿಕೆಯನ್ನು ಹಿಂಬಾಲಿಸಿ ನೋಡುವಂತಿಲ್ಲ.

ಇದೇ ಕಾರಣಕ್ಕೆ ಲಿಂಕ್ ಮೇಲೆ ಕಳುಹಿಸಿದವರ ಹೆಸರನ್ನು ತಾನಾಗಿ ಮೂಡಿಸಬೇಡಿ. ಅತ್ತೆ ಸೊಸೆಗೆ ಕಳುಹಿಸಿದ್ದು ಮೂರು ಕೈ ದಾಟಿ ಅಪರಿಚಿತರ ಗ್ರೂಪಿಗೆ ಹೋದಾಗಲೂ ‘ಇಂಥವರು ನಿಮಗೆ ಹಂಚಿದ್ದಾರೆ’ ಎಂದು ಅತ್ತೆಯ ಹೆಸರು ತೋರಿಸುತ್ತಿದ್ದರೆ ಅದು ಮನೆಯೊಳಗೆ ಜಗಳಕ್ಕೆ ಬೀಜ.

ಆ್ಯಪ್ ಒಳಗೆ ಸಾಮಾಜಿಕವೆನ್ನಬಹುದಾದ ಒಂದನ್ನು ಮಾತ್ರ ನಾನಾದರೆ ಕಟ್ಟುತ್ತಿದ್ದೆ. ಪಡೆದವರ ಪುಟದಲ್ಲಿ, ಪದ ಮುಗಿದಾಗ, ‘ಕೇಳಿದೆ’ ಎಂಬ ಒಂದು ಬಟನ್. ಒತ್ತಿದರೆ ಕಳುಹಿಸಿದವರಿಗೆ ‘ನೀವು ಕಳುಹಿಸಿದ ಪದವನ್ನು ಕೇಳಿದರು’ ಎಂಬ ಸೂಚನೆ ಹೋಗುತ್ತದೆ, ಅಷ್ಟೇ. ಹಾಡು ಕಳುಹಿಸಿದವರು ಕಾಯುವುದು ಆ ಒಂದು ಮಾತಿಗೆ. ಆದರೆ ಕೇಳಿದ್ದನ್ನು ಆ್ಯಪ್ ತಾನಾಗಿ ವರದಿ ಮಾಡಬಾರದು. ವಾಟ್ಸ್‌ಆ್ಯಪ್ 2014ರಲ್ಲಿ ನೀಲಿ ಗೆರೆ ತಂದಮೇಲೆ ‘ನೋಡಿಯೂ ಉತ್ತರಿಸಲಿಲ್ಲ’ ಎಂಬ ಹೊಸ ಮುನಿಸು ಹುಟ್ಟಿದ್ದು ನಿಮಗೂ ಗೊತ್ತು. ‘ಅರ್ಧಕ್ಕೇ ನಿಲ್ಲಿಸಿದನಂತೆ’ ಎಂಬ ಮುನಿಸನ್ನು ನೀವು ಹುಟ್ಟಿಸಬೇಡಿ. ಸೂಚನೆ ಕಳುಹಿಸುವ ಹೊತ್ತನ್ನೂ ನೋಡಿಕೊಳ್ಳಿ. ಇಲ್ಲಿ ಬೆಳಗಿನ ಆರು ಗಂಟೆಯೆಂದರೆ ದುಬೈಯಲ್ಲಿ ನಾಲ್ಕೂವರೆ, ರಿಯಾದ್ ಮತ್ತು ಕುವೈತ್‌ನಲ್ಲಿ ಮೂರೂವರೆ.

ಲೈಕ್ ಎಣಿಕೆ, ‘ಅತಿ ಹೆಚ್ಚು ಹಂಚಿದ ಹತ್ತು’ ಎಂಬ ಪಟ್ಟಿ ಬೇಡ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವದು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಬೇರೆಯವರು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂಬ ಎಣಿಕೆ ಕಾಣುತ್ತಿತ್ತು, ಕೆಲವರಿಗೆ ಕಾಣುತ್ತಿರಲಿಲ್ಲ. ಎಣಿಕೆ ಕಂಡವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ಹಂಚಿದ್ದರು. ಎಣಿಕೆ ಕಂಡಲ್ಲೆಲ್ಲ ಗೆದ್ದ ಹಾಡುಗಳು ಇನ್ನಷ್ಟು ಗೆದ್ದವು, ಸೋತವು ಇನ್ನಷ್ಟು ಸೋತವು. ಯಾವುದು ಗೆಲ್ಲುತ್ತದೆ ಎಂಬುದು ಮಾತ್ರ ಲೋಕದಿಂದ ಲೋಕಕ್ಕೆ ಬದಲಾಯಿತು. ನಿಮ್ಮ ಸಂಗ್ರಹದಲ್ಲಿ ಈಗಲೇ ಹೆಸರಾದ ನಾಲ್ಕೈದು ಭಾಗವತರಿದ್ದಾರೆ, ಹಳ್ಳಿಯ ಸಂಘದಲ್ಲಿ ಹಾಡಿ ಹೋದ ಐವತ್ತು ಮಂದಿ ಇದ್ದಾರೆ. ಎಣಿಕೆ ಹಾಕಿದ ದಿನ ಆ ಐವತ್ತು ಮಂದಿ ಕಾಣೆಯಾಗುತ್ತಾರೆ. ಕಮೆಂಟ್ ತೆರೆದರೆ ಉಳಿದ ನಾಲ್ಕೈದು ಮಂದಿಯ ಅಭಿಮಾನಿಗಳು ಅಲ್ಲಿ ಏನು ಬರೆಯುತ್ತಾರೆಂದು ಆಟದ ಟೆಂಟಿನ ಹಿಂದೆ ಚಹಾ ಕುಡಿದ ಯಾರಿಗಾದರೂ ಗೊತ್ತು.

ಒಟ್ಟಿಗೆ ಕೇಳುವ ಕೋಣೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2011ರಲ್ಲಿ ಅಮೆರಿಕದಲ್ಲಿ ಟರ್ನ್‌ಟೇಬಲ್ ಎಫ್‌ಎಂ ಎಂಬ ತಾಣ ಇಂಥ ಕೋಣೆಗಳಿಂದಲೇ ಹೆಸರು ಮಾಡಿ, 2013ರ ಕೊನೆಗೆ ಮುಚ್ಚಿತು, 2021ರಲ್ಲಿ ಮರಳಿ ಬಂತು. ಸದಾ ತೆರೆದಿರುವ ಕೋಣೆಗೆ ಸದಾ ಜನ ಬೇಕು, ನಿಮ್ಮಲ್ಲಿ ಅಷ್ಟು ಜನ ಇಲ್ಲ. ನಿಮಗೆ ಹೊಂದುವುದು ಹೊತ್ತು ಗೊತ್ತುಮಾಡಿದ ಕೂಟ: ಮಳೆಗಾಲದ ಆಟಿ ತಿಂಗಳಲ್ಲಿ, ಶನಿವಾರ ರಾತ್ರಿ ಎಂಟೂವರೆಗೆ, ಒಂದು ಹಳೆಯ ತಾಳಮದ್ದಳೆ. ಎಲ್ಲರ ಫೋನಿನಲ್ಲೂ ಒಂದೇ ಹೊತ್ತಿಗೆ ಅದೇ ಅರ್ಥ ಕೇಳಬೇಕು. ಇದಕ್ಕೆ ಫೋನು ಸರ್ವರ್‌ಗೆ ಗಂಟೆ ಕೇಳಿ, ಹೋಗಿ ಬರಲು ಹಿಡಿದ ಸಮಯದ ಅರ್ಧವನ್ನು ಸೇರಿಸಿ ತನ್ನ ಗಡಿಯಾರ ಹೊಂದಿಸಿಕೊಂಡರೆ ಸಾಕು. ಕುಂಬಳೆಗೂ ಶಾರ್ಜಾಕ್ಕೂ ನಡುವೆ ಅರ್ಧ ಸೆಕೆಂಡು ವ್ಯತ್ಯಾಸವಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದೇ ಚಾವಡಿಯಲ್ಲಿ ಎರಡು ಫೋನುಗಳಿದ್ದು ಒಂದಕ್ಕೆ ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದರೆ ಆ ಅರ್ಧ ಸೆಕೆಂಡಿನ ಹತ್ತನೇ ಒಂದು ಪಾಲಿನ ವ್ಯತ್ಯಾಸವೂ ಪ್ರತಿಧ್ವನಿಯಾಗಿ ಕಿವಿಗೆ ಹೊಡೆಯುತ್ತದೆ. ಅದನ್ನು ಪರಿಹರಿಸಲು ಹೋಗಬೇಡಿ, ‘ಒಂದು ಮನೆಗೆ ಒಂದು ಫೋನು ಸಾಕು’ ಎಂದು ಬರೆದುಬಿಡಿ.

ಹಕ್ಕುಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಈಗ ಯಾರ ಕೃತಿಸ್ವಾಮ್ಯವೂ ಇಲ್ಲ. ಆದರೆ ಆ ಪದವನ್ನು ಭಾಗವತರೊಬ್ಬರು ಹಾಡಿದ್ದು ಬೇರೆ, ಅದನ್ನು ಮುದ್ರಿಸಿದ್ದು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಹಾಡಿದ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಗದ್ದೆಯಲ್ಲಿ ಕುಳಿತು ಫೋನಿನಲ್ಲಿ ಮುದ್ರಿಸಿಕೊಂಡವರು ಅದನ್ನು ನಿಮಗೆ ಕೊಟ್ಟ ಮಾತ್ರಕ್ಕೆ ಭಾಗವತರ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಆದ್ದರಿಂದ ಹಂಚಿಕೆ ಯಾವಾಗಲೂ ಲಿಂಕ್ ಆಗಿರಲಿ, ಫೈಲ್ ಆಗುವುದು ಬೇಡ. ಸ್ಟೇಟಸ್‌ಗೆ ಅರ್ಧ ನಿಮಿಷದ ತುಣುಕು ಕೊಡುವುದಾದರೆ ಯಕ್ಷಗಾನ ಮೇಳದಿಂದಲೂ ಕಲಾವಿದರಿಂದಲೂ ಬರೆದ ಒಪ್ಪಿಗೆ ಪಡೆಯಿರಿ. ಯಾರ ಪದ ಎಷ್ಟು ಸಲ ಹೊರಗೆ ಕೇಳಿಸಿತು ಎಂಬ ಲೆಕ್ಕವನ್ನು ಅವರಿಗೆ ತಿಂಗಳಿಗೊಮ್ಮೆ ಕಳುಹಿಸಿದರೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಹಣ ಹಾಕಿದವರಿಗೆ ಅಂಕಿ ಬೇಕು. ‘ಎಷ್ಟು ಸಲ ಹಂಚಲಾಯಿತು’ ಎಂಬ ಅಂಕಿಯನ್ನು ಅವರ ಕೈಗೆ ಕೊಡಬೇಡಿ, ಮುಂದಿನ ತಿಂಗಳು ಅದನ್ನೇ ದುಪ್ಪಟ್ಟು ಮಾಡಿ ಎನ್ನುತ್ತಾರೆ, ನೀವು ಎಲ್ಲ ಪರದೆಯಲ್ಲೂ ಹಂಚುವ ಬಟನ್ ಕುಣಿಸಬೇಕಾಗುತ್ತದೆ. ಕಳುಹಿಸಿದ ನೂರು ಲಿಂಕ್‌ಗಳಲ್ಲಿ ಎಷ್ಟು ತೆರೆದವು, ತೆರೆದವುಗಳಲ್ಲಿ ಎಷ್ಟನ್ನು ಕನಿಷ್ಠ 30 ಸೆಕೆಂಡು ಕೇಳಿದರು, ಹಾಗೆ ಕೇಳಿದವರಲ್ಲಿ ಎಷ್ಟು ಮಂದಿ ತಾವೇ ಇನ್ನೊಂದನ್ನು ಕಳುಹಿಸಿದರು: ಈ ಮೂರನ್ನು ತೋರಿಸಿ. ನಡುವಿನ ಅಂಕಿ ಕುಸಿದರೆ ಪುಟದಲ್ಲಿ ತೊಂದರೆ ಇದೆ. ಮೊದಲನೆಯದು ಕುಸಿದರೆ ಕಾರ್ಡ್‌ನಲ್ಲಿ. ನಿಮ್ಮ ಸಂಖ್ಯೆಗಳು ಚಿಕ್ಕವು, ಎರಡು ಬಗೆಯ ಬಟನ್ ಇಟ್ಟು ಹೋಲಿಸುವ ಪರೀಕ್ಷೆಗಳಿಂದ ಏನೂ ತಿಳಿಯುವುದಿಲ್ಲ. ಹತ್ತು ಜನ ಕೇಳುಗರಿಗೆ ಫೋನು ಮಾಡಿ ಕೇಳಿ, ಹೆಚ್ಚು ತಿಳಿಯುತ್ತದೆ.

ಅಂಕಿಗಳನ್ನು ಹೋಲಿಸುವಾಗ ಪಂಚಾಂಗ ಪಕ್ಕದಲ್ಲಿರಲಿ. ಮೇ 24, 25ರ ಸುಮಾರಿಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ, ದೀಪಾವಳಿಯ ನಂತರವೇ ಮತ್ತೆ ತಿರುಗಾಟ. ಆಟದ ದಿನಗಳಲ್ಲಿ ಹೊಸ ಪದಗಳ ಮಾತು ಗ್ರೂಪುಗಳಲ್ಲಿ ಬಿಸಿಯಾಗಿರುತ್ತದೆ, ಮಳೆಗಾಲದಲ್ಲಿ ಜನ ಹಳೆಯದನ್ನು ಉದ್ದಕ್ಕೆ ಕೂತು ಕೇಳುತ್ತಾರೆ. ಜೂನ್‌ನಲ್ಲಿ ಹಂಚಿಕೆ ಇಳಿದರೆ ಅದು ನಿಮ್ಮ ಡಿಸೈನರ್ ತಪ್ಪಲ್ಲ ಎಂದು ಹಣ ಹಾಕಿದವರಿಗೆ ಮೊದಲೇ ಹೇಳಿಡಿ. ಈ ವರ್ಷದ ಜೂನನ್ನು ಮುಂದಿನ ವರ್ಷದ ಜೂನಿನೊಂದಿಗೆ ಹೋಲಿಸಿ. ಒಟ್ಟಿಗೆ ಹಾಡುಪಟ್ಟಿ ಮಾಡುವ ಸೌಲಭ್ಯವನ್ನು ಬೇಕಿದ್ದರೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಮದುವೆ ಮನೆಯವರು, ಭಜನಾ ಮಂಡಳಿಯವರು ಅದನ್ನು ಕೇಳಿಕೊಂಡು ತಾವಾಗಿಯೇ ಬರುತ್ತಾರೆ. ಯಾರೂ ಕೇಳದಿದ್ದರೆ ಕಟ್ಟುವ ಅಗತ್ಯವೂ ಇಲ್ಲ.